ಬೀದರದಾಗ ಹುಡುಗೂರಿಗೆ ಒಂದು ವಾರದ ಬಯಲು ಶಿಬಿರ: ಯೋಜನೆ ಹಾಕೀನಿ, ನೋಡಿ ಹೇಳ್ರಿ

ಕೋಟಿ ಮಾಸ್ತರ (ಬೀದರ)

ಎಲ್ಲರಿಗೂ ಶರಣು ಶರಣಾರ್ಥಿ. ನಾನು ಸಾಲಿ ಮಾಸ್ತರ, ಸ್ಕೌಟ್ ಹುಡುಗೂರನ್ನೂ ನೋಡಿಕೊಳ್ತೀನಿ. ಮೇ ಎರಡನೇ ವಾರದಾಗ 10ರಿಂದ 14 ವಯಸ್ಸಿನ ಹುಡುಗೂರಿಗೆ ಏಳು ದಿನದ ಶಿಬಿರ ಮಾಡಬೇಕಂತ ನಾವು ನಾಕು ಮಂದಿ ಕೂಡೀವಿ. ಊರ ಹೊರಗಿನ ಒಂದು ಸಾಲಿ ಕಟ್ಟಡ ಸಿಕ್ಕದ. ಸುತ್ತ ಬೇವಿನ ಗಿಡ ಅವ, ಬೋರಿನ ನೀರು ಅದ, ಉದ್ದನ ಪಡಸಾಲಿ ಅದ.

ಈಗ ಹಾಕಿದ್ದು ಹಿಂಗ: ಮೊದಲನೇ ದಿನ ಟೆಂಟು ಹೊಡಿಯೋದು, ಹಗ್ಗದ ಗಂಟು ಕಲಿಯೋದು. ಎರಡನೇ ದಿನ ಬೀದರ ಕೋಟಿ (ಕಿಲ್ಲಾ) ಸುತ್ತ ನಡಿಗಿ, ಬಂಡಿಗಲ್ಲು ಕಡದು ಮಾಡಿದ ಮೂರು ಸಾಲಿನ ಕಂದಕ ಸಹಿತ. ಮೂರನೇ ದಿನ ನೌಬಾದದ ಕರೇಜ್ (ನೆಲದ ಕೆಳಗಿನ ಹಳೇ ನೀರಿನ ಸುರಂಗ) ಮತ್ತ ಅಷ್ಟೂರ ಗುಮ್ಮಟ. ನಾಕನೇ ದಿನ ಹೊನ್ನಿಕೇರಿ ಕಾಡಿನಾಗ ಚಾರಣ. ಐದಕ್ಕ ಬಸ್ ಮಾಡ್ಕೊಂಡು ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಡ್ಯಾಮು. ಆರಕ್ಕ ಕೋಟಿ ಕಡಿ ಯಾವುದರ ಬಂಡಿ ಮ್ಯಾಲಿಂದ ಹಗ್ಗ ಹಿಡದು ಇಳಿಯೋದು, ಸಂಜಿಕ ಬಾವ್ಯಾಗ ಈಜು. ಕಡೀ ದಿನ ಲಗೋರಿ, ಚಿಣಿಪಣಿ, ಮತ್ತ ಹುಡುಗೂರೇ ಮಾಡಿದ ಅಡಗಿ ತಂದಿ-ತಾಯಿಗೆ ಉಣಿಸೋದು. ದಿನಾ ಮುಂಜಾನಿ 6ರಿಂದ ರಾತ್ರಿ 9.

ತಪ್ಪಿದ್ದರ ತಪ್ಪು ಅನ್ರಿ. ಕಾಗದದ ಮ್ಯಾಲ ಇದ್ದಾಗ ತಿದ್ದೋದು ಸಸ್ತಾ.

ಬಿಸಿಲೂರ ಅಪ್ಪ (ಕಲಬುರಗಿ)

ಮಾಸ್ತರ, ನನ್ನ ಮಗಗ ಕಳಿಸೋ ಮನಸ್ಸು ಭಾಳ ಅದ. ಆದ್ರ ಒಂದು ಕೇಳ್ತೀನಿ. ಏಪ್ರಿಲ್-ಮೇದಾಗ ನಮ್ಮ ಕಡಿ ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ತೆರದು 1:30ಕ್ಕ ಬಾಗಲಾ ಹಾಕ್ತಾವ. ಫ್ಯಾನ್ ಕೆಳಗ ಕುಂತ ದೊಡ್ಡ ಮಂದಿಗೇ ಮಧ್ಯಾಹ್ನ ರಜಾ ಕೊಟ್ಟ ಸರ್ಕಾರ, ಮತ್ತ ನೀವು ಹುಡುಗೂರಿಗೆ 6ರಿಂದ 9ರ ತನಕ ಬಯಲಾಗ ಇಡ್ತೀರಿ? ಹೋದ ಸಲ ಬ್ಯಾರೆ ಕಡಿ ಒಂದು ಶಿಬಿರದಾಗ ಮಟಮಟ ಮಧ್ಯಾಹ್ನ ಗುಡ್ಡ ಹತ್ತಿಸಿದ್ರು. ನಮ್ಮ ಅಣ್ಣನ ಮಗ ಝಳಾ ಬಡದು ವಾಂತಿ ಮಾಡ್ಕೊಂಡು ಬಿದ್ದ. ಅವರು ಹೇಳಿದ್ದು, "ಗಟ್ಟಿ ಆಗ್ಲಿ ಬಿಡ್ರಿ".

ಗಟ್ಟಿ ಆಗೋದು ರೊಟ್ಟಿ. ಹುಡುಗ ಅಲ್ಲ.

ಬೆಂಗಳೂರಾಗಿನ ಬೀದರಿ

ಸರ್, ಬೇಜಾರಾಗಬೇಡಿ. ಇಷ್ಟೆಲ್ಲಾ ಕಷ್ಟ ಯಾಕೆ? ಮೇ ತಿಂಗಳಲ್ಲಿ ಬೀದರದಲ್ಲಿ ಅಡ್ವೆಂಚರ್ ಅಂದರೆ ಇಲ್ಲಿ ಜನ ನಗ್ತಾರೆ. ದಾಂಡೇಲಿಗೋ ಕೊಡಗಿಗೋ ಕರ್ಕೊಂಡು ಹೋಗಿ. ರಾಫ್ಟಿಂಗ್ ಇದೆ, ಜಿಪ್‌ಲೈನ್ ಇದೆ, ನೆರಳಿದೆ. ಒಂದು ರಾತ್ರಿ ಪ್ರಯಾಣ ಅಷ್ಟೇ.

ಹಳೇ ಸ್ಕೌಟ್ (ಬಸವಕಲ್ಯಾಣ)

ತಮ್ಮಾ, ದಾಂಡೇಲಿಗೆ ಹೋಗೋ ಖರ್ಚು ಯಾರ ಕೊಡ್ತಾರ? ಮಾಸ್ತರ ಹುಡುಗೂರಾಗ ಅರ್ಧ ಮಂದಿ ಮನ್ಯಾಗ ರಜಾದಾಗ ಕೂಲಿಗೆ ಹೋಗೋರು ಇರ್ತಾರ. ಮತ್ತ ಜಿಪ್‌ಲೈನ್ ಅಂದ್ರ ಏನು? ರೊಕ್ಕ ಕೊಟ್ಟು ಸರದಿ ನಿಂತು ಒಂದು ನಿಮಿಷ ಜೋತು ಬೀಳೋದು. ಹುಡುಗ ಅಲ್ಲಿ ಏನೂ ಮಾಡಲ್ಲ, ಅವಗ ಮಾಡಿಸ್ತಾರ.

ಮಾಸ್ತರಿಗೂ ಒಂದು ಮಾತು. ಈ ಏಳೆಂಟು ದಿನದ ಶಿಬಿರದ ಲೆಕ್ಕ ಬಂದಿದ್ದು ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್‌ರಿಂದ. 1907ರ ಆಗಸ್ಟ್‌ನಾಗ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮ್ಯಾಲ ಸುಮಾರು 20 ಹುಡುಗೂರನ್ನ ಇಟ್ಕೊಂಡು ಮಾಡಿದ್ರು. ದೊಡ್ಡ ಮನಿತನದ ಸಾಲಿ ಹುಡುಗೂರು, ದುಡಿಯೋರ ಮನಿ ಹುಡುಗೂರು, ಎಲ್ಲಾ ಕಲಸಿ ನಾಕು ಪಡಿ (ಸಣ್ಣ ಗುಂಪು): ತೋಳ, ಗೂಳಿ, ಕಾಗಿ, ಮತ್ತೊಂದು ಕಡಲ ದಂಡಿ ಹಕ್ಕಿ. ದಿನಕ್ಕೊಂದು ವಿಷಯ. ಒಂದಿನ ನೋಡಿ ಗುರುತು ಹಿಡಿಯೋದು, ಒಂದಿನ ಕಾಡಿನ ವಿದ್ಯೆ, ಒಂದಿನ ಜೀವ ಉಳಿಸೋದು. ಆ ಅಚ್ಚು ಚೊಲೋ ಅದ. ಆದ್ರ ಅಲ್ಲಿ ಸುತ್ತ ಸಮುದ್ರ, ತಣ್ಣನ ಗಾಳಿ, ದಿನಾ ಇಡೀ ಹೊರಗ ಇರಬಹುದು. ನಮ್ಮಲ್ಲಿ ಆ ವೇಳಾಪಟ್ಟಿ ಇಟ್ರ ಹೆಣ ಬೀಳ್ತದ. ನಮ್ಮ ರೈತರು, ಕುರಿ ಕಾಯೋರು ಹ್ಯಾಂಗ ಮಾಡ್ತಾರ ನೋಡ್ರಿ: ನಸಕಿನಾಗ ಏಳ್ತಾರ, ಒಂಬತ್ತಕ್ಕ ಗಿಡದ ಕೆಳಗ, ಹೊತ್ತು ಇಳಿದ ಮ್ಯಾಲ ಮತ್ತ ಹೊರಗ. ಶಿಬಿರದ ಗಡಿಯಾರ ಅವರಿಂದ ತಗೋರಿ.

ಆಸ್ಪತ್ರಿ ಅಕ್ಕ (ಹುಮನಾಬಾದ)

ನಾನು ನರ್ಸ್. ಕಾಕಾ ಹೇಳಿದ್ದು ಬರೋಬ್ಬರಿ ಅದ. ಒಂದೆರಡು ಕೂಡಿಸ್ತೀನಿ, ಜರಾ ಉದ್ದ ಆಗ್ತದ.

ಹುಡುಗೂರು ನೀರಡಿಕಿ ಆದ ಮ್ಯಾಲ ಕುಡಿತಾರ, ಅದು ತಡ. ಆಟದಾಗ ಇದ್ದಾಗ ಪ್ರತಿ 20 ನಿಮಿಷಕ್ಕ ಸೀಟಿ ಊದಿ ಕುಡಿಸಬೇಕು. ಬರೇ ನೀರು ಸಾಲಲ್ಲ, ಬೆವರಿನಾಗ ಉಪ್ಪು ಹೋಗ್ತದ. ಉಪ್ಪು ಹಾಕಿದ ಮಜ್ಜಿಗಿ, ಜೋಳದ ಅಂಬಲಿ ದಿನಾ ಇರ್ಲಿ. ಓಆರ್‌ಎಸ್ ಪುಡಿ ಇಟ್ಕೊಂಡಿರ್ರಿ. ತೀರಿದ್ರ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು, ಚಮಚದ ಮ್ಯಾಲ ಗುಡ್ಡಿ ಹಾಕದ ಹಾಂಗ ಸಮ ಮಾಡಿ ಹಾಕಬೇಕು. ಹೆಚ್ಚು ಹಾಕಿದ್ರ ಗುಣ ಅಲ್ಲ, ತ್ರಾಸು.

ತಲಿ ಸುತ್ತು, ಕಾಲು ಹಿಡಿಯೋದು, ವಾಕರಿಕಿ: ಇವು ಬಂದ್ರ ನೆರಳಿಗೆ ತಂದು ಮಲಗಿಸಿ, ಕಾಲು ಮ್ಯಾಲ ಮಾಡಿ, ನೀರು ಕೊಡ್ರಿ. ಆದ್ರ ಹುಡುಗ ಏನೇನೋ ಮಾತಾಡ್ಲಿಕತ್ರ, ಹೆಸರು ಕೇಳಿದ್ರ ಹೇಳಲಿಲ್ಲ, ಮೈ ಕಾದದ ಅಂದ್ರ ಅದು ಹೀಟ್ ಸ್ಟ್ರೋಕ್. ಮೈ 40 ಡಿಗ್ರಿ ದಾಟಿರ್ತದ. ಆಗ ಬಾಯಿಗೆ ನೀರು ಹಾಕಬ್ಯಾಡ್ರಿ. 108ಕ್ಕ ಫೋನ್ ಮಾಡ್ರಿ, ಗಾಡಿ ಬರೋ ತನಕ ಸುಮ್ಮ ನಿಂದರಬ್ಯಾಡ್ರಿ: ಅಂಗಿ ಬಿಚ್ಚಿ, ಮೈ ತುಂಬ ನೀರು ಸುರಿದು ಗಾಳಿ ಹಾಕ್ರಿ, ಕುತ್ತಿಗಿ, ಬಗಲು, ತೊಡಿ ಸಂದಿಗೆ ಬರ್ಫ ಇಡ್ರಿ. ಮೊದಲು ತಣಿಸೋದು, ಆಮ್ಯಾಲ ಸಾಗಿಸೋದು.

ಕಿಸೆದಾಗ ಉಳ್ಳಾಗಡ್ಡಿ ಇಟ್ರ ಝಳಾ ಬಡಿಯಲ್ಲ ಅಂತ ನಮ್ಮ ಅತ್ತಿನೂ ಅಂತಾರ. ಇಡ್ರಿ, ಊಟದಾಗ ರೊಟ್ಟಿ ಜೋಡಿ ಕಡೀಲಿಕ್ಕ ಬರ್ತದ. ಆದ್ರ ಟೋಪಿ ಬಿಡಬ್ಯಾಡ್ರಿ.

ಕೋಟಿ ಮಾಸ್ತರ

ಅಕ್ಕಾ, ಕಾಕಾ, ಒಪ್ಪಿದೆ. ದಿನ ಎರಡು ತುಂಡು ಮಾಡ್ತೀನಿ. ಮುಂಜಾನಿ 5ಕ್ಕ ಹೊರಗ, 9ಕ್ಕ ವಾಪಸ್. 9ರಿಂದ 4:30ರ ತನಕ ಪಡಸಾಲಿ: ನಿದ್ದಿ, ಹಗ್ಗದ ಕೆಲಸ, ನಕಾಶಿ ಬರಿಯೋದು, ಅಡಗಿ. ಸಂಜಿ 5ರಿಂದ ರಾತ್ರಿ 10 ಮತ್ತ ಹೊರಗ. ಬೀದರ ಸಮುದ್ರ ಮಟ್ಟದಿಂದ 600 ಮೀಟರಿಗೂ ಮ್ಯಾಲ ಅದ, ಕಲಬುರಗಿ 450ರ ಆಸುಪಾಸು. ಹಂಗಾಗಿ ಹೊತ್ತು ಮುಳುಗಿದ ಮ್ಯಾಲ ನಮ್ಮಲ್ಲಿ ಗಾಳಿ ಜರಾ ಬ್ಯಾರೆ, ಇಷ್ಟಕ್ಕಾದ್ರೂ ಬೀದರ ಮಂದಿ ಜಂಬ ಪಡಬಹುದು.

ಬಂಡಿ ಸಾಹೇಬ (ಯಾದಗಿರಿ)

ಆರನೇ ದಿನದ್ದು ಹೇಳ್ತೀನಿ, ಅದು ನನ್ನ ಕೆಲಸ. ಬೀದರದಾಗ ಹಗ್ಗ ಇಳಿಸೋದು ಬ್ಯಾಡ್ರಿ.

ಒಂದು, ಕೋಟಿ ಪುರಾತತ್ವ ಇಲಾಖೆದು. ಗ್ವಾಡಿಗೆ, ಬುರುಜಿಗೆ ಹಗ್ಗ ಕಟ್ಟೋ ಮಾತೇ ಇಲ್ಲ. ಎರಡು, ಕಲ್ಲು. ಬೀದರದ್ದು ಜಂಬಿಟ್ಟಗಿ, ತೂತು ತೂತು ಕೆಂಪು ಕಲ್ಲು. ಹೊಸದಾಗಿ ಕಡದಾಗ ಮೆತ್ತಗ ಇರ್ತದ, ಗಾಳಿಗೆ ಬಿಟ್ರ ಬಿರುಸಾಗ್ತದ. ಮನಿ ಕಟ್ಟಲಿಕ್ಕ ಚೊಲೋ, ಆದ್ರ ಅಂಚು ಪುಡಿ ಉದುರ್ತದ. ಅದರಾಗ ಬೋಲ್ಟ್ ಹೊಡದು ಒಂದು ಜೀವ ಜೋತು ಬಿಡೋ ಧೈರ್ಯ ನನಗಿಲ್ಲ.

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡಿ ಗ್ರಾನೈಟ್. ಶಹಾಪುರದ ಮಲಗಿದ ಬುದ್ಧನ ಗುಡ್ಡ ರಸ್ತೆದಿಂದ ನೋಡೀರಿ ಅಲ್ಲ, ಆ ಜಾತಿ ಬಂಡಿ. ಗಟ್ಟಿ ಹಿಡಿತದ. ಆದ್ರ ಮೇದಾಗ 8:30ರ ಮ್ಯಾಲ ಕೈ ಇಡಲಿಕ್ಕಾಗಲ್ಲ. ಮತ್ತ ಎಲ್ಲಕ್ಕಿಂತ ದೊಡ್ಡ ಅಂಜಿಕಿ ಹೆಜ್ಜೇನು. ಚಾಚಿದ ಬಂಡಿ ಕೆಳಗ ಹುಟ್ಟು ಕಟ್ಟಿರ್ತಾವ. ಹಗ್ಗಕ್ಕ ಜೋತು ಬಿದ್ದಾಂವ ಓಡಲಿಕ್ಕಾಗಲ್ಲ, ಅದನ್ನ ತಿಳೀರಿ. ಹಿಂದಿನ ದಿನಾ ದುರ್ಬೀನ್ ಹಾಕಿ ಇಡೀ ಬಂಡಿ ನೋಡದ ನಾನು ಯಾರಿಗೂ ಹಗ್ಗ ಕೊಡಲ್ಲ. ಹುಡುಗೂರು ಸೆಂಟ್ ಹೊಡ್ಕೊಂಡು ಬಂದ್ರ ವಾಪಸ್ ಕಳಿಸ್ತೀನಿ.

ಹಗ್ಗದ ಆಟ ಬೇಕೇ ಬೇಕಂದ್ರ ಬೇವಿನ ಗಿಡದ ನಡುವ ಎರಡು ಹಗ್ಗದ ಸೇತುವಿ ಕಟ್ರಿ, ನೆಲದಿಂದ ಸೊಂಟದ ಮಟ್ಟ ಸಾಕು. ಹಗ್ಗ, ಹಾರ್ನೆಸ್ (ಸೊಂಟಕ್ಕ ಕಟ್ಟೋ ಪಟ್ಟಿ), ಕ್ಯಾರಾಬಿನರ್ (ಹಗ್ಗಕ್ಕ ಹಾಕೋ ಲೋಹದ ಕೊಂಡಿ) ಬಾಡಿಗಿಗೆ ತರಬ್ಯಾಡ್ರಿ; ಎಷ್ಟು ವರ್ಷದ ಹಗ್ಗ, ಎಷ್ಟು ಪೆಟ್ಟು ತಿಂದದ ಅಂತ ಯಾರ ಹೇಳ್ತಾರ? ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿದಾಗ ತರಬೇತಿ ಆದೋರು ಸಿಕ್ರ ಅವರನ್ನ ಕರೀರಿ, ಸಾಮಾನು ಅವರೇ ತರ್ಲಿ.

ಬೆಂಗಳೂರಾಗಿನ ಬೀದರಿ

ಹಾಗಾದ್ರೆ ಹಗ್ಗ ಇಲ್ಲ, ಬಿಸಿಲಲ್ಲಿ ಹೋಗಂಗಿಲ್ಲ. ಉಳಿದದ್ದು ಏನು ಸರ್? ಭಜನೆ?

ನೌಬಾದ ನೀರು (ಬೀದರ)

ಉಳಿದದ್ದು ನೆಲದ ಕೆಳಗ ಅದ, ಅಣ್ಣಾ. ನೀ ಬೀದರದಾಂವ ಆಗಿ ಕರೇಜ್ ನೋಡೀ ಏನು?

ಬಹಮನಿ ಕಾಲದ್ದು, ಇರಾನದ ವಿದ್ಯೆ. ಮ್ಯಾಲ ಜಂಬಿಟ್ಟಗಿ, ಅದು ಮಳಿ ನೀರು ಹೀರಿಕೊಳ್ತದ. ಕೆಳಗ ಕರಿ ಕಲ್ಲು, ಅದು ಕುಡಿಯಲ್ಲ. ಎರಡೂ ಕೂಡೋ ಜಾಗದಾಗ ನೀರು ಜಿನುಗ್ತದ. ಆ ಮಟ್ಟ ಹಿಡದು ಸಣ್ಣ ಇಳಿಜಾರಿನಾಗ ಸುರಂಗ ಕೊರದಾರ. ಮೋಟ್ರು ಇಲ್ಲ, ಏತ ಇಲ್ಲ, ನೀರು ತಾನೇ ನಡಕೊಂಡು ಊರಿಗೆ ಬರ್ತದ. ನಡುನಡುವ ಗಾಳಿಗೆ, ಹೂಳು ತೆಗಿಲಿಕ್ಕ ನೆಟ್ಟಗ ಬಾವಿ ಇಳಿಸ್ಯಾರ.

ಮಾಸ್ತರ, ಸುರಂಗದ ಒಳಗ ಮಾತ್ರ ಹುಡುಗೂರನ್ನ ಬಿಡಬ್ಯಾಡ್ರಿ. ಗಾಳಿ ಹ್ಯಾಂಗ ಇರ್ತದೋ ಹೇಳಲಿಕ್ಕಾಗಲ್ಲ, ಬಾವಲಿ ಅವ, ಮಣ್ಣು ಕುಸಿತದ. ಮ್ಯಾಲೇ ಆಟ ಮಾಡ್ರಿ. ಪಡಿಗೊಂದು ಹಗ್ಗ, ಅದಕ್ಕ ಕಲ್ಲು, ಮೊಳಕ್ಕೊಂದು ಗಂಟು ಕೊಟ್ಟು, ಕಟ್ಟಿ ಗಟ್ಟಿ ಇರೋ ಬಾವಿ ಹತ್ರ ದೊಡ್ಡೋರು ನಿಂತು ಆಳ ಅಳಿಸ್ರಿ. ಒಂದು ಬಾವಿಯಿಂದ ಇನ್ನೊಂದಕ್ಕ ಎಷ್ಟು ಹೆಜ್ಜಿ ಅಂತ ಎಣಿಸಿ, ದಿಕ್ಸೂಚಿ ಹಿಡದು ಕಾಗದದ ಮ್ಯಾಲ ಚುಕ್ಕಿ ಇಡಿಸ್ರಿ. ಚುಕ್ಕಿ ಕೂಡಿಸಿದ್ರ ಕಾಣದ ಸುರಂಗ ಕಾಗದದ ಮ್ಯಾಲ ಎದ್ದು ಬರ್ತದ. ಆಮ್ಯಾಲ ಕೇಳ್ರಿ: ಮುಂದಿನ ಬಾವಿ ಎಲ್ಲಿ ಇರಬೇಕು? ಹುಡುಕಿಕೊಂಡು ಓಡ್ತಾರ. ಇದು ನಿಧಿ ಹುಡುಕೋದಕ್ಕಿಂತ ಕಮ್ಮಿ ಏನಲ್ಲ.

ನರಸಿಂಹ ಝರಣಿ (ಬೀದರದ ಗವಿ ಗುಡಿ) ಯಾಕ ಬಿಟ್ರಿ ಅಂತ ಯಾರಾದ್ರೂ ಕೇಳೇ ಕೇಳ್ತಾರ. ಅಲ್ಲಿ ಸುಮಾರು 300 ಮೀಟರ್ ಗವಿ ಒಳಗ ನೀರಿನಾಗ ನಡೀಬೇಕು, ಆ ನೀರು ದೊಡ್ಡೋರಿಗೆ ಎದಿ ಮಟ್ಟ. ನಾಕನೇತ್ತೆ ಹುಡುಗಗ ಅದು ಮೂಗಿನ ಮಟ್ಟ. ಅಪ್ಪ-ಅವ್ವನ ಹೆಗಲ ಮ್ಯಾಲ ಹೋಗ್ಲಿ.

ಚುಕ್ಕಿ ನೋಡಾಂವ (ಕಲಬುರಗಿ)

ಮೇ ಎರಡನೇ ವಾರ ಅಂದ್ರಿ ಅಲ್ಲ ಮಾಸ್ತರ, ನಿಮ್ಮ ನಸೀಬು ಚೊಲೋ ಅದ. ಅದೇ ವಾರದಾಗ ಬೀದರದಾಗ ಸೂರ್ಯ ನೆತ್ತಿ ಮ್ಯಾಲ ಬರೋಬ್ಬರಿ ಬರ್ತಾನ. ಮೇ 11-12ರ ಆಸುಪಾಸು, ಮಧ್ಯಾಹ್ನ 12:15ರ ಸುಮಾರಿಗೆ, ನೆಟ್ಟಗ ನಿಂತ ಕೋಲಿನ ನೆರಳು ಪೂರಾ ಮಾಯ ಆಗ್ತದ. ಕಲಬುರಗಿದಾಗ ಎರಡು-ಮೂರು ದಿನಾ ಮೊದಲು, ಯಾದಗಿರಿದಾಗ ಅದಕ್ಕೂ ಮೊದಲು. ಅಂಗಳದಾಗ ಒಂದು ಪೈಪು ನೆಟ್ಟು ತೂಕದ ದಾರ ಬಿಟ್ಟು ನೆಟ್ಟಗ ಅದಯೋ ಇಲ್ಲೋ ನೋಡ್ರಿ. ಹುಡುಗೂರು ಪಡಸಾಲ್ಯಾಗ ಕುಂತು ನೋಡ್ಲಿ, ನಿಮಿಷಕ್ಕೊಬ್ಬ ಓಡಿ ಹೋಗಿ ನೆರಳಿನ ತುದಿಗೆ ಸುಣ್ಣದ ಚುಕ್ಕಿ ಇಟ್ಟು ಬರ್ಲಿ. ದಿನಾ ಮಾಡಿಸ್ರಿ. ನೆರಳು ಸಣ್ಣ ಆಗ್ತಾ ಬಂದು, ಮಾಯ ಆಗಿ, ಮರುದಿನದಿಂದ ದಕ್ಷಿಣದ ಕಡಿ ಬೀಳ್ತದ.

ರಾತ್ರಿಗೆ ಇನ್ನೊಂದು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮ್ಯಾಲ ಇರ್ತದೋ ಅಷ್ಟೇ ಆ ಊರಿನ ಅಕ್ಷಾಂಶ. ಬೀದರದಾಗ ಸುಮಾರು 18. ಕೈ ಪೂರಾ ಚಾಚಿ ಮುಷ್ಟಿ ಹಿಡದ್ರ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಹಂಗಾಗಿ ಎರಡು ಮುಷ್ಟಿಗೆ ಜರಾ ಕಮ್ಮಿ. ಸಣ್ಣ ಹುಡುಗನ ಕೈಯೂ ಸಣ್ಣ, ಮುಷ್ಟಿಯೂ ಸಣ್ಣ, ಲೆಕ್ಕ ಅದೇ ಬರ್ತದ. ದಾರಿ ತಪ್ಪಿದ್ರ ಉತ್ತರ ಯಾವುದು ಅಂತ ಫೋನ್ ಇಲ್ಲದ ಹೇಳಬೇಕು, ಅದು ಪರೀಕ್ಷೆ. ಅದೇ ಹೊತ್ತಿಗೆ ದಕ್ಷಿಣಕ್ಕ ತಿರಗಿದ್ರ, 9ರಿಂದ 10ರ ನಡುವ ದಿಗಂತದ ಹತ್ರ ತ್ರಿಶಂಕು ನಕ್ಷತ್ರಪುಂಜ ಕಾಣ್ತದ. ದಿಲ್ಲಿ ಹುಡುಗೂರಿಗೆ ಇದು ನೆಟ್ಟಗ ಸಿಗಲ್ಲ.

ಆಳಂದದ ತಾಯಿ

ಮಾಸ್ತರ, ನನ್ನ ಮಗ 11 ವರ್ಷದಾಂವ, ಒಂದು ರಾತ್ರಿನೂ ನಮ್ಮನ್ನ ಬಿಟ್ಟು ಮಲಗಿಲ್ಲ. ದಿನಾ ಒಂದು ಸಲ ಫೋನ್ ಮಾಡಿಸ್ತೀರೇನು? ಮತ್ತ ಇನ್ನೊಂದು. ಇದನ್ನ ಓದಿ ನನ್ನ ಮಗಳು ಕೇಳಿದ್ಲು, "ಚುಕ್ಕಿ ಬರೇ ಹುಡುಗೂರಿಗೇ ಕಾಣ್ತಾವೇನು?" ಅವಳು ಅವನಿಗಿಂತ ದೊಡ್ಡಾಕಿ, ಬಾವ್ಯಾಗ ಅವನಿಗಿಂತ ಚೊಲೋ ಈಸ್ತಾಳ. ನಾನು ಏನು ಹೇಳ್ಲಿ?

ಕೋಟಿ ಮಾಸ್ತರ

ಅವ್ವಾ, ಫೋನ್ ಮೊದಲ ಎರಡು ರಾತ್ರಿ ಬ್ಯಾಡ. ನಿಮ್ಮ ದನಿ ಕೇಳಿದ ಮ್ಯಾಲೇ ಹುಡುಗೂರು ಅಳ್ಳಿಕ್ಕ ಶುರು ಮಾಡ್ತಾರ. ನಾನು ದಿನಾ ರಾತ್ರಿ ನಿಮಗೆ ಬರೀತೀನಿ.

ಹುಡುಗ್ಯಾರದು ನೀವು ಕೇಳಿದ್ದು ಸರಿ ಅದ. ರಾತ್ರಿ ವಸತಿ ಅಂದ್ರ ಹೆಣ್ಣುಮಕ್ಕಳೇ ಜೊತಿಗೆ ಇರಬೇಕು, ಹಗಲು-ರಾತ್ರಿ. ಈಗ ನಮ್ಮ ಗುಂಪಿನಾಗ ಒಬ್ಬ ಅಕ್ಕ ಮಾತ್ರ. ಇನ್ನೂ ಮೂವರು ಸಿಕ್ರ ದಸರಾ ರಜಾದಾಗ ಮಾಡ್ತೀವಿ.

ಚಿಂಚೋಳಿ ಕಾಡು

ಚಂದ್ರಂಪಳ್ಳಿ ಡ್ಯಾಮಿಗೆ ಬರ್ರಿ, ಬ್ಯಾಡ ಅನ್ನಲ್ಲ. ಆದ್ರ ಇದು 2011ರಾಗ ವನ್ಯಜೀವಿ ಧಾಮ ಆದ ಜಾಗ, 130 ಚದರ ಕಿಲೋಮೀಟರಿಗೂ ಹೆಚ್ಚು. ಅರಣ್ಯ ಇಲಾಖೆ ಪರವಾನಗಿ ಇಲ್ಲದ ಒಳಗ ಕಾಲಿಡಬ್ಯಾಡ್ರಿ, ಬೆಂಕಿ ಅಂತೂ ಹಚ್ಚಲೇಬ್ಯಾಡ್ರಿ. ಮೇದಾಗ ಎಲಿ ಉದುರಿ ಕಾಡು ಬೋಳು, ಒಂದು ಕಿಡಿ ಸಾಕು. ಎತ್ತಿಪೋತ ಜಲಪಾತ ನೋಡ್ತೀವಿ ಅಂದ್ರ ಈಗ ಬರೇ ಬಂಡಿ, ನೀರು ಮಳಿಗಾಲದಾಗ. ಒಂದು ದಿನದಾಗ ಹೋಗಿ ಬರೋದು ಅಂದ್ರ ಅರ್ಧ ಹೊತ್ತು ಬಸ್ಸಿನಾಗೇ ಹೋಗ್ತದ. ನಿಮ್ಮ ಹೊನ್ನಿಕೇರಿದಾಗೇ ನಸಕಿನಾಗ ನಡೀರಿ. ಹೆಜ್ಜಿ ಗುರುತು ಓದಲಿಕ್ಕ ಒಬ್ಬ ಕುರಿ ಕಾಯೋ ಅಜ್ಜನ್ನ ಕರ್ಕೊಂಡು ಹೋಗ್ರಿ. ನರಿ ಹೋಗ್ಯಾದೋ ನಾಯಿ ಹೋಗ್ಯಾದೋ ಅವರು ಹೇಳಿದಷ್ಟು ಯಾವ ಗೈಡೂ ಹೇಳಲ್ಲ.

ಆಸ್ಪತ್ರಿ ಅಕ್ಕ

ನಸಕಿನ ನಡಿಗಿ ಅಂದ್ರ ಹಾವು. ನಮ್ಮ ಒಣ ಕಲ್ಲು ನೆಲದಾಗ ಗರಗಸ ಮಂಡಲ ಇರ್ತದ, ಗೇಣಿಗಿಂತ ಜರಾ ದೊಡ್ಡದು, ಕಣ್ಣಿಗೆ ಬೀಳಲ್ಲ. ಮೈ ತಿಕ್ಕಿ ಸರಸರ ಸಪ್ಪಳ ಮಾಡ್ತದ. ಬೂಟು ಬೇಕೇ ಬೇಕು, ಬ್ಯಾಟರಿ ಬೇಕು, ಕಲ್ಲು ಎತ್ತೋದು ಬ್ಯಾಡ. ಕಡದ್ರ ಕಟ್ಟು ಬಿಗಿಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಬಾಯಿ ಹಾಕಿ ಹೀರಬ್ಯಾಡ್ರಿ. ಕಡದ ಕಾಲು ಅಲುಗದ ಹಾಂಗ ಕೋಲು ಕಟ್ಟಿ, ಹೊತ್ಕೊಂಡು ಬ್ರಿಮ್ಸ್‌ಗೆ (ಬೀದರದ ಸರ್ಕಾರಿ ದವಾಖಾನಿ) ನಡೀರಿ.

ಹಳೇ ಸ್ಕೌಟ್

ಮತ್ತ ಸಿಡಿಲು. ಮೇ ಸಂಜಿ ಅಡ್ಡ ಮಳಿ ಯಾವಾಗ ಬರ್ತದೋ ಹೇಳಲಿಕ್ಕಾಗಲ್ಲ. ಬೀದರ ಅಂದ್ರ ಬಟ್ಟ ಬಯಲು. ಅಷ್ಟೂರದಾಗ ಅರ್ಧ ಒಡದು ನಿಂತ ಬಹಮನಿ ಸುಲ್ತಾನ ಹುಮಾಯೂನ್ ಶಹಾನ ಗುಮ್ಮಟ ಅದ ಅಲ್ಲ, ಅದಕ್ಕ ಸಿಡಿಲು ಬಡದದ ಅಂತಾರ. ಅಲ್ಲೇ ನಿಂದರಿಸಿ ಈ ಪಾಠ ಹೇಳ್ರಿ. ಮಿಂಚು ಕಂಡ ಮ್ಯಾಲ ಎಣಿಸ್ರಿ, 30 ಆಗೋದರೊಳಗ ಗುಡುಗು ಕೇಳಿದ್ರ ಎಲ್ಲಾರೂ ಕಟ್ಟಡದ ಒಳಗ. ಟೆಂಟಿನಾಗ ಅಲ್ಲ, ಗಿಡದ ಕೆಳಗ ಅಲ್ಲ. ಕಡೀ ಗುಡುಗಿನಿಂದ ಅರ್ಧ ತಾಸು ಹೊರಗ ಬಿಡಬ್ಯಾಡ್ರಿ. ಸಿಡಿಲಿನ ಮುನ್ಸೂಚನೆ ಕೊಡೋ ದಾಮಿನಿ ಆ್ಯಪ್ ಫೋನಿನಾಗ ಇರ್ಲಿ.

ಕೋಟಿ ಮಾಸ್ತರ (ಶಿಬಿರ ಮುಗಿದ ಮ್ಯಾಲ)

ಎಲ್ಲಾರೂ ಸುರಕ್ಷಿತ ಮನಿ ಮುಟ್ಟ್ಯಾರ. ಕೇಳಿದೋರಿಗೆ ವರದಿ.

ಬಾವಿ ಈಜು ಆಗಲಿಲ್ಲ; ನೀರು ತಳಕ್ಕ ಹೋಗಿತ್ತು. ಅದರ ಬದಲಿ ದಂಡಿ ಮ್ಯಾಲ ನಿಂತು ಮುಳಗಾಂವಗ ಎಳಿಯೋದು ಕಲಿಸಿದ್ವಿ. ಐದು ಲೀಟರಿನ ಖಾಲಿ ಕ್ಯಾನು, ಎಸೀಲಿಕ್ಕ ತೂಕ ಇರ್ಲಿ ಅಂತ ಒಳಗ ಒಂದಿಷ್ಟು ನೀರು, ಹಿಡಿಕಿಗೆ ಹಗ್ಗ. ಎಸಿ, ಎಳಿ, ನೀ ಮಾತ್ರ ನೀರಿಗೆ ಇಳಿಬ್ಯಾಡ. ಒಬ್ಬ ಹುಡುಗ ನೆಲದ ಮ್ಯಾಲ ಮಲಗಿ ಮುಳುಗೋ ನಾಟಕ ಎಷ್ಟು ಚಂದ ಮಾಡಿದ ಅಂದ್ರ ಅಡಗಿ ಕಾಕಾ ಓಡಿ ಬಂದ್ರು.

ಕರೇಜ್ ನಕಾಶಿಗೆ ಎರಡು ಮುಂಜಾನಿ ಹಿಡೀತು, ಒಂದು ಅಂತ ಹಾಕಿದ್ವಿ. ಪಡಿ-ಪಡಿ ನಡುವ ಜಗಳ: ನಿಮ್ಮ ಹೆಜ್ಜಿ ಸಣ್ಣ, ನಮ್ಮ ಹೆಜ್ಜಿ ದೊಡ್ಡ. ಕಡೀಗೆ ಒಬ್ಬ ಹುಡುಗ ಒಂದೇ ಹಗ್ಗದಿಂದ ಅಳೆಯೋಣ ಅಂದ, ಎಲ್ಲಾ ಶುರುವಿನಿಂದ ಮತ್ತ. ಆ ಹುಡುಗ ಸಾಲ್ಯಾಗ ಬಾಯಿ ಬಿಡದಾಂವ. ಪಡಿಯಾಗ ಕನ್ನಡ, ದಖನಿ, ಮರಾಠಿ, ಲಂಬಾಣಿ ಎಲ್ಲಾ ಇತ್ತು. ಜಗಳ ಮಾತ್ರ ಎಲ್ಲಾರಿಗೂ ತಿಳೀತಿತ್ತು.

ಹೊನ್ನಿಕೇರಿ ಸಂಜಿ ನಡಿಗಿ ಗುಡುಗಿಗೆ ಹೋಯ್ತು. ಪಡಸಾಲ್ಯಾಗ ಕುಂತು ಮಿಂಚು-ಗುಡುಗಿನ ನಡುವ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ಮಳಿ ಎಷ್ಟು ದೂರ ಅದ ಅಂತ ಗ್ವಾಡಿ ಮ್ಯಾಲ ಬರದ್ರು. ಗ್ವಾಡಿ ತೊಳಿಯೋದು ಇನ್ನೂ ಬಾಕಿ ಅದ. ಕುರಿ ಅಜ್ಜ ಮರುದಿನ ನಸಕಿನಾಗ ಬಂದ್ರು, ಹಸಿ ನೆಲದ ಮ್ಯಾಲ ಹೆಜ್ಜಿ ಗುರುತು ಅಚ್ಚು ಒತ್ತಿದಂಗ ಮೂಡಿತ್ತು. ಅಜ್ಜ ಕಂಬಳಿ ಗಂಟು ಹಾಕಿ ತೋರಿಸಿದ್ರು. ನಾನು ಪುಸ್ತಕ ನೋಡಿ ಕಲಿಸೋ ಬೋಲೈನ್ ಗಂಟು ಅದೇ.

ರೊಟ್ಟಿ ಬಡಿಯೋದ್ರಾಗ ಮಾತ್ರ ಎಲ್ಲಾರೂ ನಾಪಾಸ್. ತಂದಿ-ತಾಯಿ ಉಂಡಿದ್ದು ದಪ್ಪ ದಪ್ಪ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಹಿಂಡಿ ಚೊಲೋ ಇತ್ತು, ಅದು ಮನಿಯಿಂದ ತಂದದ್ದು.

ಬಿಸಿಲೂರ ಅಪ್ಪ

ಮಗ ಬಂದ ಮ್ಯಾಲ ಅಂಗಳದಾಗ ಕೋಲು ನೆಟ್ಟಾನ. ನೆರಳು ಈಗ ದಕ್ಷಿಣಕ್ಕ ಬಿದ್ದದ ಅಂತ ಓಣಿ ಮಂದಿಗೆಲ್ಲಾ ತೋರಿಸ್ಲಿಕತ್ತಾನ. ಖರ್ಚಿನ ಲೆಕ್ಕ ಹಾಕ್ರಿ ಮಾಸ್ತರ, ಕೊಡಲಿಕ್ಕಾಗದ ಒಬ್ಬ ಹುಡುಗಂದು ಮುಂದಿನ ಸಲ ನಾನು ಕೊಡ್ತೀನಿ.

ಬಂಡಿ ಸಾಹೇಬ

ಹಗ್ಗದ ಸೇತುವಿ ಫೋಟೋ ನೋಡಿದೆ. ಎಡಗಡಿ ಗಿಡಕ್ಕ ಗೋಣಿ ಚೀಲ ಸುತ್ತದ ಹಗ್ಗ ಕಟ್ಟೀರಿ, ತೊಗಟಿ ಕೊರೀತದ, ಹಗ್ಗನೂ ಸವೀತದ. ದಸರಾಕ್ಕ ನಮ್ಮ ಕಡಿ ಬರ್ರಿ, ಆಗ ಬಂಡಿ ತಣ್ಣಗ ಇರ್ತದ.

ಕೋಟಿ ಮಾಸ್ತರ

ದಸರಾ ಒಂದೇ ಅದ ಸಾಹೇಬರ. ಹುಡುಗೂರನ್ನ ಯಾದಗಿರಿಗೆ ತರೋದೋ, ಹುಡುಗ್ಯಾರ ಶಿಬಿರ ಮಾಡೋದೋ?

ಆಳಂದದ ತಾಯಿ

ಹುಡುಗ್ಯಾರದು ಮೊದಲು, ಅದೂ ಯಾದಗಿರಿದಾಗೇ ಆಗ್ಲಿ. ಮೂವರು ಬೇಕು ಅಂದಿದ್ರಿ ಅಲ್ಲ, ನನ್ನ ಹೆಸರು ಬರ್ಕೊಳ್ರಿ, ನಮ್ಮ ತಂಗಿದೂ ಬರ್ಕೊಳ್ರಿ. ಅಡಗಿಗೆ ಅಲ್ಲ ಮತ್ತ. ಹಗ್ಗ ಹಿಡೀಲಿಕ್ಕ.

ಆಸ್ಪತ್ರಿ ಅಕ್ಕ

ಮೂರನೇದಾಕಿ ನಾನು. ತಾರೀಖು ಹೇಳ್ರಿ, ರಜಾ ಈಗಿಂದ ಕೇಳಬೇಕು.